ನ್ಯಾವಿಗೇಷನ್ ಮೊದಲು

ಪರೀಕ್ಷೆಗಳ ಪಟ್ಟಿ ನೋಡಿ ನನಗೆ ಮೈಯೆಲ್ಲ ಉರಿಯಿತು.

ವಿಮಾನ ಹಾರಿಸಲು ಕಲಿಯುವವರು ಒಂಬತ್ತು ಥಿಯರಿ ಪೇಪರ್ ಬರೆಯಬೇಕು. ಅದರಲ್ಲಿ ಕಬ್ಬಿಣದ ಕಡಲೆಯೆಂದರೆ ನ್ಯಾವಿಗೇಷನ್. ಎಲ್ಲರೂ ಸುಲಭದ ಕಾನೂನು ಪೇಪರಿನಿಂದ ಶುರುಮಾಡಿ ಇದನ್ನು ಕೊನೆಗೆ ತಳ್ಳುತ್ತಾರೆ. ನನ್ನ ಪಟ್ಟಿಯಲ್ಲಿ ಮಾತ್ರ ಇದೇ ಮೊದಲು. ಪಟ್ಟಿ ಹಾಕಿಕೊಟ್ಟವರು ಅದನ್ನು ಕಲಿಸುವ ಮೇಷ್ಟ್ರೇ!

"ಸರ್, ಇದೇನಿದು?"

"ಕಷ್ಟದ್ದು ಮೊದಲೇ ಮುಗಿದುಬಿಡ್ಲಿ ಮೇಡಂ." ಬೋರ್ಡ್ ಒರೆಸುತ್ತಿದ್ದವರು ತಿರುಗಿಯೂ ನೋಡಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

"ಮೊದಲ ಪೇಪರ್ ಬರೆದ ದಿನದಿಂದ ಒಂದೂವರೆ ವರ್ಷದೊಳಗೆ ಎಲ್ಲಾ ಮುಗೀಬೇಕು. ಇದರಲ್ಲೇ ಫೇಲಾಗಿ ಕೂತ್ರೆ ನನ್ನ ಗತಿ?"

"ಫೇಲಾಗಲ್ಲ. ನಾಲ್ಕು ತಿಂಗಳಿಂದ ನಿಮ್ಮ ಲೆಕ್ಕ ನೋಡ್ತಿದೀನಿ."

ನಾನು ಸಿಟಿ ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ, ಯೂನಿಫಾರ್ಮಿನಲ್ಲೇ ಕ್ಲಾಸಿಗೆ ಓಡಿಬರುವವಳು. ಗಾಳಿ ಎತ್ತಲಿಂದ, ವಿಮಾನ ಎತ್ತ ಎಂದು ಅವರು ನಕ್ಷೆಯ ಮೇಲೆ ಬೆರಳಾಡಿಸುವಾಗ ನಾನು ನಕ್ಷೆ ಬಿಟ್ಟು ಬೆರಳು ನೋಡುತ್ತಿದ್ದೆ. ತಲೆಯೆತ್ತಿದರೆ ಅವರು ಥಟ್ಟನೆ ಕಣ್ಣು ತಪ್ಪಿಸುತ್ತಿದ್ದರು. ಏನೇನೋ ಅಂದುಕೊಂಡುಬಿಟ್ಟಿದ್ದೆ. ಈಗ ನೋಡಿದರೆ, ಈ ಪೇಪರ್ ಪಾಸಾದರೆ ಅವರ ಕ್ಲಾಸೇ ಮುಗಿಯಿತು. ನನ್ನನ್ನು ಸಾಗಹಾಕಲು ಇಷ್ಟೊಂದು ಆತುರವೇ?

"ಬೇಕಂತ ಫೇಲಾಗಿಬಿಡ್ಲಾ?" ಎಂದು ಫೋನಿನಲ್ಲಿ ಅಕ್ಕನನ್ನು ಕೇಳಿದೆ.

"ತಲೆ ಕೆಟ್ಟಿದ್ಯೇನೇ ನಿಂಗೆ? ಪಾಸಾಗು. ಆಮೇಲೆ ಆ ಮನುಷ್ಯನನ್ನ ನೇರವಾಗಿ ಕೇಳು."

ಹಟಕ್ಕೆ ಬಿದ್ದು ಓದಿದೆ. ಪರೀಕ್ಷೆಯ ದಿನ ಕೊನೆಯ ಉತ್ತರ ಒತ್ತಿದ ಮೇಲೆ ಕಂಪ್ಯೂಟರ್ ಅರೆನಿಮಿಷ ಸುಮ್ಮನಿತ್ತು. ನನಗೋ ಜೀವ ಬಾಯಿಗೆ ಬಂದಿತ್ತು. ಎಂಬತ್ತೆಂಟು. ಪಾಸ್! ಎದೆ ಹಗುರಾಯಿತು, ಅದರ ಹಿಂದೆಯೇ ಅಳು ಬಂತು.

ಹೊರಗೆ ಬಂದರೆ ಮೆಟ್ಟಿಲ ಬಳಿ ಮೇಷ್ಟ್ರು. ಇಸ್ತ್ರಿ ಮಾಡಿದ ಶರ್ಟು, ಬೆವರಿದ ಹಣೆ.

"ಏನಾಯ್ತು?"

"ಪಾಸಾದೆ. ಖುಷಿನಾ? ನನ್ನ ಕಾಟ ತಪ್ಪಿತಲ್ಲ ನಿಮಗೆ."

"ಕಾಟಾನಾ?" ಅವರು ತಬ್ಬಿಬ್ಬಾದರು. "ಓದಿದ್ದು ಸಾಕು ಅಂತ ನಾನು ಸಹಿ ಹಾಕದೆ ನೀವು ಈ ಪರೀಕ್ಷೆಗೆ ಕೂರೋ ಹಾಗಿರಲಿಲ್ಲ. ಅಂಥವನು ಬಂದು ನಿಮ್ಮನ್ನ ಇಷ್ಟಪಡ್ತೀನಿ ಅಂದಿದ್ರೆ, ಬೇಡ ಅನ್ನೋಕೆ ನಿಮಗೆ ಧೈರ್ಯ ಬರ್ತಿತ್ತಾ? ಇವತ್ತಿಂದ ನಾನು ನಿಮ್ಮ ಮೇಷ್ಟ್ರಲ್ಲ. ಈ ಪೇಪರ್ ಕೊನೆಗೆ ಹಾಕಿದ್ರೆ ಇನ್ನೂ ಒಂದು ವರ್ಷ ಬಾಯಿ ಮುಚ್ಕೊಂಡಿರಬೇಕಿತ್ತು. ನನ್ನ ಕೈಲಾಗ್ತಿರಲಿಲ್ಲ."

ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಅದಕ್ಕೆ ನನ್ನ ಪ್ರಾಣ ಹಿಂಡಿದ್ರಾ? ಅಕಸ್ಮಾತ್ ಫೇಲಾಗಿದ್ರೆ?"

"ನೀವು ಪಾಸಾಗ್ತೀರ ಅಂತ ಖಾತ್ರಿ ಇತ್ತು. ಇಲ್ದಿದ್ರೆ ಖಂಡಿತ ಹಾಕ್ತಿರಲಿಲ್ಲ."

"ಖಾತ್ರಿ ಇದ್ದೋರು ಹೀಗ್ಯಾಕೆ ಬೆವರ್ತಿದೀರಿ?"

"ಖಾತ್ರಿ ಇದ್ದದ್ದು ಪೇಪರ್ ಬಗ್ಗೆ ಮಾತ್ರ."

ಇಷ್ಟು ಹೇಳಿ ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಈ ಸಲ ಕಣ್ಣು ತಪ್ಪಿಸಲಿಲ್ಲ. ಸ್ವಲ್ಪ ಸತಾಯಿಸೋಣವೆಂದುಕೊಂಡೆ, ನಿಜ. ಆದರೆ ನಾಲ್ಕು ತಿಂಗಳು ನಾನೂ ಕಾದಿದ್ದೆನಲ್ಲ, ನನ್ನಿಂದಲೂ ಆಗಲಿಲ್ಲ.

"ಅಂದ್ರೆ ಈಗ ನಾನು ಬೇಡ ಅನ್ನಬಹುದು, ಅಲ್ವಾ?"

"ಅನ್ನಬಹುದು," ಎಂದರು, ಸಣ್ಣ ದನಿಯಲ್ಲಿ.

"ಅನ್ನಲ್ಲ."

ಅವರು ಉಸ್ಸೆಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನೂ ಪಕ್ಕದಲ್ಲೇ ಕುಳಿತೆ.