ಹತ್ತಕ್ಕೆ ಎರಡು

ಸಮದ ಚಾಚಾ ಕೊನೆಯ ಚೀಟಿ ಬಿಚ್ಚಿ ಓದಿದರು. "ಎರಡು."

ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಆಗಲೂ ಎರಡೇ ಇತ್ತು.

ಕಲ್ಮೇಶನಿಗೆ ಎದೆಯೊಳಗೆ ಯಾರೋ ಮೆಟ್ಟಿಲು ತಪ್ಪಿದಂತಾಯಿತು. ಕನ್ನಡಕದ ಮೇಲೆ ಅನುಮಾನಪಡುವಂತಿರಲಿಲ್ಲ. ಟಿಳಕವಾಡಿಯ ತನ್ನ ಅಂಗಡಿಯಲ್ಲಿ ಅವನೇ ಕಣ್ಣು ನೋಡಿ ಮಾಡಿಕೊಟ್ಟದ್ದು.

ಪ್ರತಿ ರವಿವಾರ ಮಧ್ಯಾಹ್ನ ಚಾಚಾರ ಮಹಡಿಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಚಾಚಾ ಒಂದು ಕಾಲದ ರೇಡಿಯೋ ರಿಪೇರಿಯವರು. ಯಾರೂ ಕೇಳದೆ ಮೂಲೆಗೆ ಬಿದ್ದ ಆಲ್ಬಂಗಳನ್ನು ಹುಡುಕಿ ತಂದು ಕೇಳುವುದು ಈ ಜನರ ಚಟ. ನಿಯಮ ಒಂದೇ. ಕವರಿಗೆ ಹಳೇ ಪೇಪರು ಸುತ್ತಿ ತರಬೇಕು. ಹಾಡು ಮುಗಿದು, ಹತ್ತಕ್ಕೆ ಇಷ್ಟು ಎಂದು ಎಲ್ಲರೂ ಚೀಟಿ ಹಾಕಿದ ಮೇಲೆಯೇ ಬಿಚ್ಚಬೇಕು. ದೊಡ್ಡ ಹೆಸರಿಗೆ ಹೆದರಿ ತಲೆದೂಗುವವರನ್ನೂ, ಸಣ್ಣ ಹೆಸರು ಕಂಡು ಮೂಗು ಮುರಿಯುವವರನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕುವ ಉಪಾಯ ಅದು.

ಇಂದು ಕಲ್ಮೇಶ ತಂದ ಪೇಪರಿನೊಳಗಿಂದ ಬಂದದ್ದು 'ಮಲಪ್ರಭೆಯ ಮಗ್ಗುಲಲ್ಲಿ'. ಇಪ್ಪತ್ತು ವರ್ಷದ ಹಿಂದೆ ಖಾನಾಪುರದಲ್ಲಿ ಹುಟ್ಟಿ, ಖಾನಾಪುರ ದಾಟುವ ಮೊದಲೇ ತೀರಿಕೊಂಡ ಕ್ಯಾಸೆಟ್ಟು. ಎಂಟು ಹಾಡು, ಒಂದೇ ಹೆಣ್ಣುದನಿ. ಕವರಿನ ಮೇಲೆ ಹೊಳೆಯ ಸೇತುವೆ ಇತ್ತು, ಹಾಡು ಬರೆದ ಹೆಡ್‌ಮಾಸ್ತರರ ಫೋಟೋ ಇತ್ತು. ಹಾಡಿದವಳ ಹೆಸರಿರಬೇಕಾದಲ್ಲಿ 'ಸ್ಥಳೀಯ ಕಲಾವಿದರು' ಎಂದಿತ್ತು.

ಆರು ವರ್ಷದ ಹಿಂದೆ ಕಲ್ಮೇಶ ಅದನ್ನು ಖಾನಾಪುರದ ರದ್ದಿ ಅಂಗಡಿಯಲ್ಲಿ ಹೆಕ್ಕಿದ್ದ. ಅಂದಿನಿಂದ ಆ ದನಿ ಅವನನ್ನು ಬಿಟ್ಟಿರಲಿಲ್ಲ. ಬಾವಿಯ ತಳದಿಂದ ತುಂಬಿದ ಕೊಡದ ಹಾಗೆ ನಿಧಾನ ಮೇಲೇರಿ ಬರುವ ದನಿ. ಅದಕ್ಕಾಗಿ ಅವನು ನೋಡಲು ಹೋದ ಮೂರು ಹೆಣ್ಣುಗಳನ್ನು ಒಲ್ಲೆ ಎಂದಿದ್ದ. ಮನೆಯಲ್ಲಿ ಕಾರಣ ಬೇರೆ ಹೇಳಿದ್ದ. ನಲವತ್ತು ತುಂಬಿದ ಮೇಲೆ ಮನೆಯವರು ಕೇಳುವುದನ್ನೂ ಬಿಟ್ಟರು.

ಉಳಿದವರೆಲ್ಲ ಎಂಟು, ಒಂಬತ್ತು ಕೊಟ್ಟಿದ್ದರು. ಈ ಚೀಟಿಯಲ್ಲಿ ೨ ಅಂತ ಕನ್ನಡ ಅಂಕಿ ಇತ್ತು. ಕನ್ನಡ ಅಂಕಿ ಬರೆಯುವವರು ಆ ಕೋಣೆಯಲ್ಲಿ ಒಬ್ಬರೇ: ಖಾನಾಪುರದಿಂದ ರೈಲಿನಲ್ಲಿ ಬರುವ ಕನ್ನಡ ಟೀಚರು, ಇನ್ನೂ ಲಗ್ನವಾಗದ ಪ್ರಮಿಳಾ.

ಅದೇ ನೋವು. ನಾಲ್ಕು ತಿಂಗಳಿಂದ ಕಲ್ಮೇಶ ಕದ್ದು ನೋಡುತ್ತಿದ್ದದ್ದು ಆಕೆಯ ಉಂಗುರದ ಬೆರಳನ್ನು. ಹಾಡು ಮನಸ್ಸಿಗೆ ಬಂದರೆ ಅದು ಬ್ಯಾಗಿನ ಜಿಪ್ಪಿನ ಮೇಲೆ ತಾಳ ಹಾಕುತ್ತಿತ್ತು. ಇಂದು ಮೊದಲ ಹಾಡಿನ ಮೊದಲ ಸಾಲಿಗೇ ಆ ಬೆರಳು ಕಲ್ಲಾಗಿತ್ತು. ಕರಗಿದಳು ಅಂದುಕೊಂಡು ಕಣ್ಣು ಮುಚ್ಚಿದ್ದ, ಪುಣ್ಯಾತ್ಮ.

ಜನ ಇಳಿದು ಹೋದ ಮೇಲೆ ಕಲ್ಮೇಶ ಆಕೆಯನ್ನು ಮೆಟ್ಟಿಲ ಬಳಿ ತಡೆದ. "ಟೀಚರ್ರೀ, ಎರಡು ಯಾಕ ಕೊಟ್ರಿ?"

"ಸೊನ್ನಿ ಕೊಡಾಕ ಜೀವ ಬರಲಿಲ್ರಿ."

"ಅಂಥಾ ಧ್ವನಿಗೆ?"

"ಅದು ಆಕಿ ಧ್ವನಿನ ಅಲ್ರಿ. ಆಕಿ ಹಾಡಿದ್ದು ಹಾರ್ಮೋನಿಯಂನ್ಯಾಗ ಕಪ್ಪು ಐದರ ಶ್ರುತಿ. ನಿಮ್ಮ ಟೇಪ್ ಪೆಟ್ಟಿಗಿ ಹಾಡಾಕತ್ತಿದ್ದು ಕಪ್ಪು ನಾಕಕ್ಕೂ ಕೆಳಗ."

"ಆಕಿ ಯಾವ ಸ್ವರದಾಗ ಹಾಡಿದ್ಲು ಅಂತ ನಿಮಗ ಹೆಂಗ ಗೊತ್ತು?"

ಪ್ರಮಿಳಾ ಬ್ಯಾಗು ಹೆಗಲಿಗೇರಿಸಿದಳು. "ಆಕಿ ನಾನ ರೀ."

ಕಲ್ಮೇಶ ಬಾಯಿ ತೆರೆದ. ಅದು ಹಾಗೇ ತೆರೆದುಕೊಂಡೇ ಉಳಿಯಿತು.

"ಏ ಕಲ್ಮೇಶ, ಬಾಯಿ ಮುಚ್ಚು, ಪೆಟ್ಟಿಗಿ ತಾ," ಎಂದರು ಒಳಗಿಂದ ಚಾಚಾ. ಅವರ ಕಣ್ಣು ಮಂದವಾಗಿತ್ತೇ ಹೊರತು ಕಿವಿ ಮಂದವಾಗಿರಲಿಲ್ಲ. ಕಲ್ಮೇಶ ತನ್ನ ಕ್ಯಾಸೆಟ್ಟಿಗೆ ತನ್ನದೇ ಟೇಪ್ ರೆಕಾರ್ಡರ್ ಹೊತ್ತು ತರುವವನು. ಪರರ ಡೆಕ್ಕಿಗೆ ಅದನ್ನು ಹಾಕಲು ಒಪ್ಪುತ್ತಿರಲಿಲ್ಲ. ಚಾಚಾ ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿಂದ ಕಪ್ಪು ರಬ್ಬರಿನದೊಂದು ಬಳೆ ಎತ್ತಿ ಹಿಡಿದರು. ಅದು ಜೋತುಬಿದ್ದಿತ್ತು.

"ಬೇಟಾ, ಇದು ಬೆಲ್ಟಲ್ಲ, ನನ್ನ ಪೈಜಾಮದ ಲಾಡಿ. ಇಷ್ಟು ಸಡ್ಲಾದ ಮ್ಯಾಲ ಟೇಪ್ ಓಡತೈತೇನು? ತೆವಳತೈತಿ, ಧ್ವನಿನೂ ದಪ್ಪ ಆಗತೈತಿ. ಆರು ವರ್ಷ ಏನ್ ಕೇಳಿದಿಯೋ!"

ಡಬ್ಬಿಯಿಂದ ಹೊಸ ಬೆಲ್ಟು ಹುಡುಕಿ ಹಾಕಿ, ಗುಂಡಿ ಒತ್ತಿದರು.

ಹೊರಬಂದದ್ದು ಗುಬ್ಬಿಯಂಥ ದನಿ. ಚುರುಕು, ಎಳಸು, ಎರಡು ಸಾಲಿನ ನಡುವೆ ಉಸಿರಿಗೂ ಆತುರ. ಹದಿನೆಂಟರ ಹುಡುಗಿಯೊಬ್ಬಳು ಮನೆಯಲ್ಲಿ ಬೈದಾರೆಂದು ಬೇಗ ಬೇಗ ಹಾಡಿ ಮುಗಿಸುತ್ತಿದ್ದಳು. ಬಾವಿ ಇಲ್ಲ, ಕೊಡ ಇಲ್ಲ. ಕಲ್ಮೇಶ ಆರು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡವಳು ಇಡೀ ಲೋಕದಲ್ಲಿ ಎಲ್ಲಿಯೂ ಹುಟ್ಟಿಯೇ ಇರಲಿಲ್ಲ.

ಬಾಗಿಲಲ್ಲಿ ನಿಂತೇ ಅವನ ಮುಖವನ್ನು ಪ್ರಮಿಳಾ ಓದಿದಳು. ಟೀಚರಿಗೆ ಉತ್ತರಪತ್ರಿಕೆ ಓದಿ ರೂಢಿ.

"ಅವಾಗೂ ಮಂದಿ ಹಿಂಗ ಮಾರಿ ಮಾಡಿದ್ರು. ಗುಬ್ಬಿ ಚಿಲಿಪಿಲಿ ಅಂದ್ರು. ಅವತ್ತ ಬಿಟ್ಟಾಕಿ ನಾ ಮತ್ತ ಹಾಡಿಲ್ಲ," ಎಂದಳು. "ಇವತ್ತ ನೀವು ಕ್ಯಾಸೆಟ್ಟ ಹಾಕಿ ಕಣ್ಣ ಮುಚ್ಚಿ ಕುಂತ್ರಿ ನೋಡ್ರಿ, ಒಂದು ನಿಮಿಷ ಭಾಳ ಖುಷಿ ಆಗಿತ್ತು. ಆಮ್ಯಾಲ ತಿಳೀತು, ನೀವು ಕಣ್ಣ ಮುಚ್ಚಿದ್ದು ನನಗಲ್ಲ." ಮೆಟ್ಟಿಲಿಳಿದು ಹೋಗಿಯೇಬಿಟ್ಟಳು.

"ಏನ್ ನೋಡಾಕತ್ತಿ?" ಚಾಚಾ ಗದರಿದರು. "ಆ ಬೆಲ್ಟಿಗಿ ಲಗ್ನಾ ಆಗಾಂವೇನು? ಓಡು!"

ಕಲ್ಮೇಶ ಓಡಿದ. ಸ್ಟೇಷನ್ನಿನಲ್ಲಿ ಸಾಲು ಉದ್ದವಿತ್ತು. ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಖಾನಾಪುರದ ದಾರಿಯ ನಡುವಿನ ದೇಸೂರ, ಅಲ್ಲಿಗೇ ಟಿಕೆಟ್ಟು ಕೊಂಡ. ರೈಲು ಹೊರಡುತ್ತಿರುವಾಗ ಹತ್ತಿ, ಏದುಸಿರು ಬಿಡುತ್ತ ಅವಳೆದುರು ಕುಳಿತ. ಮಡಿಲಲ್ಲಿ ಕ್ಯಾಸೆಟ್ಟಿನ ಕವರು.

"ಎಲ್ಲಿಗಿ ಹೊಂಟೀರಿ?" ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು.

"ದೇಸೂರಿಗೆ."

"ಯಾರದಾರ ಅಲ್ಲಿ?"

"ಯಾರೂ ಇಲ್ರಿ. ಅಲ್ಲಿ ಮಟ ನಾ ಒಂದೆರಡು ಮಾತು ಹೇಳತೀನಿ. ಕೇಳಿ ಇಳೀರಿ ಅಂದ್ರ ಇಳೀತೀನಿ."

ಅವಳು ಬ್ಯಾಗನ್ನು ಕಿಟಕಿಯ ಕಡೆಗೆ ಸರಿಸಿಟ್ಟಳು.

"ಆರು ವರ್ಷ ನಾ ಪ್ರೀತಿ ಮಾಡಿದ್ದು ಒಂದು ರಬ್ಬರ ತುಂಡನ್ನ. ಅದು ಖರೇ. ನಗ್ರಿ ಬೇಕಾದ್ರ." ಅವಳ ತುಟಿಯ ಅಂಚು ಅಲುಗಿತು. ಕಿಟಕಿಯ ಗಾಜಿನಲ್ಲಿ ಅದು ಅವನಿಗೆ ಕಂಡಿತು. "ಆದ್ರ ನಾಲ್ಕು ತಿಂಗಳಿಂದ ರವಿವಾರ ಯಾವಾಗ ಬರತೈತೋ ಅಂತ ಕಾಯೋದು ಆಕಿ ಸಲುವಾಗಿ ಅಲ್ಲ. ನಿಮ್ಮ ಈ ಬೆರಳಿನ ಸಲುವಾಗಿ. ಆ ಜಿಪ್ಪಿನ ಮ್ಯಾಲ ಅದು ತಪ್ಪು ತಾಳ ಹಾಕಿದ್ದು ನಾ ಒಮ್ಮೆನೂ ಕಂಡಿಲ್ಲ."

ಬೆರಳು ಗಾಬರಿಯಾಗಿ ಸೆರಗಿನೊಳಗೆ ಹೊಕ್ಕಿತು.

ಕಲ್ಮೇಶ ಪೆನ್ನು ತೆಗೆದ. ಕವರಿನ ಮೇಲಿನ 'ಸ್ಥಳೀಯ ಕಲಾವಿದರು' ಹೊಡೆದುಹಾಕಿ, ಮೇಲೆ ಬರೆದ: ಪ್ರಮಿಳಾ. ರೈಲಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಯಿತು. "ಮುಂದಿನ ರವಿವಾರ ಮತ್ತ ಹಾಕತೀನಿ. ಸರಿ ಬೆಲ್ಟಿನ ಮ್ಯಾಲ. ಆ ಗುಬ್ಬಿನ ಇನ್ನೂ ನಾ ನೆಟ್ಟಗ ಕೇಳೇ ಇಲ್ಲ."

ಪ್ರಮಿಳಾ ಆ ಸೊಟ್ಟ ಹೆಸರನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತು ವರ್ಷ ತಡವಾಗಿ ಬಂದ ಹೆಸರು.

ದೇಸೂರ ಬಂತು. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಲೆಂದು ಗಾಡಿ ನಿಂತಿತು. ಬಿಸಿಲು ಬಾಗಿ ಬೋಗಿಯೊಳಗೆ ಚಾಚಿತ್ತು. ಕಲ್ಮೇಶ ಎದ್ದು ನಿಂತು, ಅವಳ ಮುಖ ನೋಡಿದ.

ಅವಳು ಕವರು ತೆಗೆದುಕೊಂಡು, ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಇಪ್ಪತ್ತು ವರ್ಷದ ಮೇಲೆ ಮೊದಲ ಸಲ, ಮೊದಲ ಹಾಡಿನ ಮೊದಲ ಸಾಲು ಹಾಡಿದಳು.

ಕಲ್ಮೇಶನ ಕೈ ಮೇಲಿನ ರಾಡಿಗೆ ಬಿಗಿಯಿತು.

ಬಾವಿ. ತುಂಬಿದ ಕೊಡ. ನಿಧಾನ ಏರಿ ಬರುವ, ಎಲ್ಲಿಗೂ ಆತುರವಿಲ್ಲದ ಅದೇ ದನಿ. ಬಾಜೂ ಸೀಟಿನ ಮುದುಕಿ ಚುರುಮುರಿ ಅಗಿಯುವುದನ್ನು ನಿಲ್ಲಿಸಿದಳು.

ಪ್ರಮಿಳಾ ಸಾಲಿನ ನಡುವೆಯೇ ನಿಂತಳು. ಅವಳ ಕೈ ಅವಳದೇ ಕೊರಳ ಮೇಲಿತ್ತು, ಅಲ್ಲಿ ಯಾರೋ ಅಪರಿಚಿತರು ಕುಳಿತಂತೆ. ಹದಿನೆಂಟರ ಗುಬ್ಬಿ ಮೂವತ್ತೆಂಟಕ್ಕೆ ಎಲ್ಲಿ ಇಳಿದು ಕುಳಿತಿದೆಯೆಂದು ಹಾಡದೆ ಇದ್ದವಳಿಗೆ ಗೊತ್ತಾಗುವುದಾದರೂ ಹೇಗೆ?

"ಅಯ್ಯ," ಎಂದಳು, ಸಣ್ಣಗೆ. ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. "ನನ್ನ ಬೆಲ್ಟೂ ಸಡ್ಲ ಆಗೇತಿ ನೋಡ್ರಿ."

"ಹೊಸಾದು ಹಾಕಸಬ್ಯಾಡ್ರಿ," ಎಂದ ಕಲ್ಮೇಶ. ಅವನ ದನಿ ಮಾತ್ರ ಯಾವ ಶ್ರುತಿಗೂ ಹೊಂದುತ್ತಿರಲಿಲ್ಲ.

ಎದುರಿನ ರೈಲು ಹಾದುಹೋಯಿತು. ಇವರ ಗಾಡಿ ಕದಲಿತು.

"ದೇಸೂರ ಹೋತ್ರಿ," ಎಂದಳು ಅವಳು.

"ಹೋಗ್ಲಿ ಬಿಡ್ರಿ," ಎಂದು ಅವನು ಕುಳಿತ, ಈ ಸಲ ಎದುರಿಗಲ್ಲ, ಬಾಜೂಕ. ಬೆರಳು ಸೆರಗಿನಿಂದ ಹೊರಬಂತು. ಜಿಪ್ಪು ದೂರವಿತ್ತೋ ಏನೋ, ಅದು ಅವನ ಅಂಗೈ ಮೇಲೆ ತಾಳ ಹಾಕತೊಡಗಿತು.