ಅಟ್ಟಣಿಗೆಯ ಬುಡದ ಕೆಂಪು ಕಲೆ

"ರಕ್ತ!"

ದೊರೆಸ್ವಾಮಿಯವರ ಟಾರ್ಚು ಮರದ ಬುಡದಲ್ಲೇ ನಿಂತುಬಿಟ್ಟಿತು. ಏಣಿಯ ಪಕ್ಕದ ಕಲ್ಲಿನ ಮೇಲೆ ಕೆಂಪು ಕಲೆ. ಅತ್ತ ನೀರಿನ ತೊಟ್ಟಿಯ ಹತ್ತಿರ ಬೂದಿ.

"ಯಾರೋ ಜಿಂಕೆ ಹೊಡೆದು, ಇಲ್ಲೇ ಸುಟ್ಟು ತಿಂದಿದ್ದಾರೆ ಕಣ್ರೀ!"

ರಜೆಯ ಶುಕ್ರವಾರ ಅಂದರೆ ನನಗೆ ನಿದ್ದೆಯ ದಿನ. ಆದರೆ ನನ್ನ ಹೆಂಡತಿ ಹೇಝಲ್ ಒಮ್ಮೆ ಹೊರಟಳೆಂದರೆ ಮುಗಿಯಿತು. ಕತ್ತಲಲ್ಲೇ ಮಸ್ಕತ್ತಿನ ಅಲ್ ಖೌದ್‌ನಿಂದ ರುಸ್ತಾಕ್‌ವರೆಗೆ ಗಾಡಿ ಓಡಿಸಿ, ಖರ್ಜೂರದ ತೋಟ ದಾಟಿ, ಈ ಮರದ ಮೇಲಿನ ಅಟ್ಟಣಿಗೆ ಹತ್ತಬೇಕು. ತೋಟದ ಮಾಲೀಕ ಅಬೂ ಸಾಲಿಮ್‌ರ ಅಜ್ಜ ಬೇಟೆಗೆ ಕಟ್ಟಿಸಿದ್ದಂತೆ. ಈಗ ಬೇಟೆ ಕಾನೂನಿಗೆ ವಿರುದ್ಧ. ಬೆಳಗಾಗುವಾಗ ತೊಟ್ಟಿಗೆ ಬರುವ ಜಿಂಕೆಯನ್ನು ನೋಡುವುದಷ್ಟೇ.

ಆವತ್ತು ಜಿಂಕೆ ಬರಲೇ ಇಲ್ಲ.

ಬಂದದ್ದು ಅಬೂ ಸಾಲಿಮ್. ಕಲೆ ನೋಡಿದರು, ಬೂದಿ ನೋಡಿದರು. ಆಮೇಲೆ ನಮ್ಮ ಜೊತೆಗಿದ್ದ ಮೊಯ್ದೀನ್‌ರ ಕಡೆ ತಿರುಗಿದರು.

"ವಾರದಿಂದ ತಾಯಿಯೂ ಇಲ್ಲ, ಮರಿಯೂ ಇಲ್ಲ. ಗೇಟಿನ ಬೀಗದ ಕೈ ನನ್ನ ಹತ್ತಿರ ಒಂದು, ನಿನ್ನ ಹತ್ತಿರ ಒಂದು. ಬೇಟೆ ಅಂತಾದರೆ ಪೊಲೀಸ್. ಅಂಗಡಿ ಖಲಾಸ್. ನೀನು ಊರಿಗೆ."

ಉಪ್ಪಿನಂಗಡಿಯ ಮೊಯ್ದೀನ್ ರುಸ್ತಾಕ್‌ನಲ್ಲಿ ದಿನಸಿ ಅಂಗಡಿ ಇಟ್ಟವರು. ನಮ್ಮನ್ನು ಇಲ್ಲಿಗೆ ಕರೆತರುತ್ತಿದ್ದುದೂ ಅವರೇ. ಅಬೂ ಸಾಲಿಮ್ ಅವರ ಕಫೀಲ್; ವೀಸಾ, ಅಂಗಡಿಯ ಪರವಾನಗಿ ಎಲ್ಲ ಇವರ ಹೆಸರಿನ ಮೇಲೆಯೇ. ಮೊಯ್ದೀನ್‌ರ ಮಗಳು ನಝೀರಾ ಇಲ್ಲೇ ಕಾಲೇಜು ಓದುತ್ತಿದ್ದಾಳೆ. ಪಾಪ, ಅವರ ಮುಖ ಬಿಳುಚಿಹೋಯಿತು.

"ಅಲ್ಲಾಹುವಿನಾಣೆ, ನಾನು ಒಂದು ಕಲ್ಲು ಕೂಡ ಬಿಸಾಡ್ಲಿಲ್ಲ ಮಾರಾಯ್ರೆ!"

"ಮತ್ತೆ ಇನ್ಯಾರು?" ದೊರೆಸ್ವಾಮಿ ಕೇಳಿದರು. ಮೈಸೂರಿನ ಇಂಜಿನಿಯರು, ಎಲ್ಲದಕ್ಕೂ ಅವರ ಬಳಿ ತೀರ್ಪು ಸಿದ್ಧ. ಅವರ ಹೆಂಡತಿ ಸರಸ್ವತಮ್ಮ ಶಾಲು ಬಿಗಿ ಮಾಡಿಕೊಂಡು "ರಾಮ ರಾಮ" ಅನ್ನುತ್ತಿದ್ದರು.

ಹೇಝಲ್ ಮಾತ್ರ ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು.

"ಟೆರೆನ್ಸ್, ಇಲ್ಲಿ ನೊಣ ಎಲ್ಲಿ ಉಂಟು?"

"ಎಂಥ ನೊಣ?"

"ಖರ್ಜೂರದ ತೋಟ. ನನ್ನ ಮೂಗಿನ ಮೇಲೆ ಕೂತಿದೆ, ನಿಮ್ಮ ತಲೆ ಮೇಲೆ ಕೂತಿದೆ. ಈ ರಕ್ತದ ಮೇಲೆ ಒಂದೂ ಇಲ್ಲ ಯಾಕೆ?"

ಅವಳು ಎದ್ದು ಹೋಗಿ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. ಬಗ್ಗಿ ಮೂಸಿದಳು — ಅಕ್ಷೀ! ಮತ್ತೊಮ್ಮೆ — ಅಕ್ಷೀ!

"ಮೊಯ್ದಿನಾಕ, ಒಂದು ಲಿಂಬೆಹಣ್ಣು ಕೊಡಿ."

ತೋಟದ್ದೇ ಲಿಂಬೆ. ಅವಳು ಅದನ್ನು ಕಲೆಯ ಮೇಲೆ ಹಿಂಡಿದಳು. ನೋಡನೋಡುತ್ತಿದ್ದಂತೆ ಕೆಂಪು ಹೋಗಿ ಹಳದಿಯಾಯಿತು!

"ಸಾರ್, ಈ ಮರಿ ಮೊದಲು ಕಂಡದ್ದು ಯಾವಾಗ?"

"ಹಿಂದಿನ ತಿಂಗಳು," ದೊರೆಸ್ವಾಮಿ ಹೇಳಿದರು. "ನಾನೇ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ನಲ್ಲಮ್ಮ. ಮಸ್ಕತ್ತಿಗೆ ಮಸ್ಕತ್ತೇ ಹೊಗಳ್ತು."

"ಹಾಂ. ಕಳೆದ ಶುಕ್ರವಾರ ಇಲ್ಲಿಂದ ಕೊನೆಗೆ ಹೊರಟದ್ದು ಯಾರು?"

ದೊರೆಸ್ವಾಮಿ ಮೆಲ್ಲನೆ ಹೆಂಡತಿಯ ಕಡೆ ತಿರುಗಿದರು. ನನಗೂ ನೆನಪಾಯಿತು. "ನೀವೆಲ್ಲ ತಿಂಡಿಗೆ ನಡೀರಿ, ನಾನು ಕೈಕಾಲು ತೊಳ್ಕೊಂಡು ಬರ್ತೀನಿ" ಎಂದು ಡಬ್ಬಿ ಹಿಡಿದು ಹಿಂದೆ ಉಳಿದವರು...

"ಇದು ರಕ್ತ ಅಲ್ಲ," ಹೇಝಲ್ ಹೇಳಿದಳು. "ಅರಿಸಿನಕ್ಕೆ ಸುಣ್ಣ ಕದಡಿದ ಆರತಿ ನೀರು. ಹುಳಿ ಬಿದ್ದರೆ ಹಳದಿಗೆ ತಿರುಗ್ತದೆ. ಆರತಿ ಎತ್ತಿದ ಮೇಲೆ ಯಾರೂ ತುಳಿಯಬಾರದು ಅಂತ ಮರದ ಬುಡಕ್ಕೆ ಚೆಲ್ಲುವುದು ವಾಡಿಕೆ. ಬೂದಿಯಲ್ಲಿ ಮೂಳೆ ಇಲ್ಲ. ಒಣಮೆಣಸಿನ ತೊಟ್ಟು ಉಂಟು. ಇದು ದೃಷ್ಟಿ ತೆಗೆದದ್ದು. ಅಲ್ವಾ, ಸರಸ್ವತಮ್ಮ ಆಂಟಿ?"

ಸರಸ್ವತಮ್ಮ ಗಳಗಳ ಅತ್ತುಬಿಟ್ಟರು.

"ಹಸುಗೂಸು ಕಣಮ್ಮ ಅದು! ಊರಿನವರ ಕಣ್ಣೆಲ್ಲ ಬಿತ್ತು. ತೊಟ್ಟಿಗೊಂದು ಆರತಿ ಎತ್ತಿ, ಕರ್ಪೂರ ಹಚ್ಚಿ, ನಾಲ್ಕು ಮೆಣಸಿನಕಾಯಿ ಸುಟ್ಟೆ. ಪೊಲೀಸು ಅಂದ ತಕ್ಷಣ ನಾಲಿಗೆ ಬಿದ್ದುಹೋಯ್ತು. ಮೊಯ್ದೀನ್, ತಪ್ಪಾಯ್ತಪ್ಪ."

"ಬೀಡಿ ವಾಸನೆಗೇ ಓಡುವ ಜಾತಿ ಅದು," ಹೇಝಲ್ ನಕ್ಕಳು. "ಮೆಣಸಿನ ಘಾಟಿಗೆ ಬರ್ತದಾ?"

ಅಬೂ ಸಾಲಿಮ್‌ಗೆ ಇದನ್ನೆಲ್ಲ ಹಿಂದಿ, ಅರಬ್ಬಿ ಬೆರೆಸಿ ವಿವರಿಸುವಷ್ಟರಲ್ಲಿ ನನ್ನ ಗಂಟಲೊಣಗಿತು. ಕಣ್ಣು ಬೀಳುವ ಮಾತು ಅವರಿಗೂ ತಿಳಿಯಿತು. ಆದರೂ ಇಲ್ಲವೆಂಬಂತೆ ತಲೆಯಾಡಿಸಿದರು. "ಜಿಂಕೆಯನ್ನು ನನ್ನ ಕಣ್ಣಾರೆ ನೋಡಬೇಕು. ಮುಂದಿನ ಶುಕ್ರವಾರ."

ಹೋಯಿತು, ಇನ್ನೊಂದು ನಿದ್ದೆ!

ಮೊಯ್ದೀನ್ ತೊಟ್ಟಿ ತಿಕ್ಕಿ ತೊಳೆದರು, ಬೂದಿ ಬಳಿದು ದೂರ ಹೂತರು. ಅಂಗಡಿಗೆ ಬಂದವರು ಸಕ್ಕರೆ ಕೇಳಿದರೆ ಉಪ್ಪು ಕೊಡುತ್ತಿದ್ದಾರೆಂದು ಅವರ ಹೆಂಡತಿ ಅಮೀನತ್ ಫೋನಿನಲ್ಲಿ ಹೇಳಿದ್ದಳು. ಮುಂದಿನ ಶುಕ್ರವಾರ ಕತ್ತಲಿರುವಾಗಲೇ ಎಲ್ಲರೂ ಅಟ್ಟಣಿಗೆ ಹತ್ತಿ ಮೈಗೆ ಮೈ ಒತ್ತಿ ಕೂತೆವು. ಅಬೂ ಸಾಲಿಮ್ ನಡುವೆ. ಮೊಯ್ದೀನ್‌ರ ತುಟಿ ಮಾತ್ರ ಅಲುಗುತ್ತಿತ್ತು.

ಬೆಟ್ಟದ ಅಂಚು ಬೆಳ್ಳಗಾಯಿತು. ಏನಿಲ್ಲ. ತೊಟ್ಟಿಯ ನೀರು ಕಾಣಿಸಿತು. ಏನೂ ಇಲ್ಲ.

ಆಮೇಲೆ — ಮುಳ್ಳುಪೊದೆಯಿಂದ ಒಂದು ಕಿವಿ. ತಾಯಿ ಬಂತು. ಅದರ ಹಿಂದೆ, ಕಾಲು ತೊಡರಿಸಿಕೊಂಡು, ಮರಿ!

ಅಬ್ಬ! ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅಬೂ ಸಾಲಿಮ್ ಮೊಯ್ದೀನ್‌ರ ಹೆಗಲ ಮೇಲೆ ಕೈಯಿಟ್ಟು ಅಲ್ಲೇ ಬಿಟ್ಟರು.

ಅಷ್ಟರಲ್ಲಿ ಸರಸ್ವತಮ್ಮನ ಎರಡೂ ಕೈ ಮರಿಯ ಕಡೆ ಚಾಚಿದವು. ಕಣ್ಣಲ್ಲಿ ನೀರು. ಕೈ ಹಿಂದಕ್ಕೆ ಬಂದವು, ಬೆರಳು ಮಡಚಿದವು, ಇನ್ನೇನು ಕೆನ್ನೆಯ ಪಕ್ಕ ಲಟಿಕೆ ಮುರಿಯಬೇಕು — ಹೇಝಲ್ ಗಪ್ಪನೆ ಹಿಡಿದುಕೊಂಡಳು.

"ಆಂಟೀ, ಸದ್ದಾಗ್ತದೆ!"

"ಮನೆಗೆ ಹೋಗಿ ಮುರೀತೀನಿ ಬಿಡಮ್ಮ," ಎಂದು ಅವರು ಪಿಸುಗುಟ್ಟಿದರು.

ಮೊಯ್ದೀನ್ ಮಫ್ಲರನ್ನು ಬಾಯಿಗೆ ತುರುಕಿಕೊಂಡು, ಕಣ್ಣೀರು ಸುರಿಸುತ್ತ, ಸದ್ದಿಲ್ಲದೆ ನಕ್ಕರು. ಕೆಳಗೆ ಮರಿ ನೀರು ಕುಡಿಯುತ್ತಿತ್ತು.