ಹೊಚ್ಚ ಹೊಸ ವಾಷರ್

ಹನ್ನೆರಡನೇ ತಾರೀಕು, ಬೆಳಿಗ್ಗೆ 10.20ಕ್ಕೆ ಠಾಣೆಗೆ ಒಂದು ದೂರು ಬಂತು. ನಾಲ್ಕು ದಿನದ ಹಿಂದೆ ಕಾರ್ಖಾನೆಯ ವ್ಯಾನ್ ಇಳಿಜಾರಿನಲ್ಲಿ ಗೋಡೆಗೆ ಗುದ್ದಿ, ಅದರಲ್ಲಿ ಕೆಲಸಕ್ಕೆ ಹೊರಟಿದ್ದ ಒಬ್ಬ ಹೆಂಗಸು ತೀರಿಕೊಂಡಿದ್ದಳು. ಅಜಾಗರೂಕ ಚಾಲನೆಯೆಂದು ಡ್ರೈವರ್ ಮೇಲೆ ಎಫ್‌ಐಆರ್ ಆಗಿತ್ತು. ಅವನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ, ಪೊಲೀಸ್ ಕಾವಲಿನಲ್ಲಿದ್ದ. ದೂರು ತಂದವಳು ಅವನ ಹೆಂಡತಿ. ಜೊತೆಗೆ ಅವಳ ಅಣ್ಣ, ಅದೇ ಕಾರ್ಖಾನೆಯ ಮೆಕ್ಯಾನಿಕ್.

“ನಮ್ಮೋರದ್ದೇನೂ ತಪ್ಪಿಲ್ಲ ಸಾರ್. ಒಂದ್ಸಲ ಗಾಡಿ ಬಿಚ್ಚಿ ನೋಡಿ.”

“ದೂರು ಬರೆದಿದ್ಯಾರಮ್ಮ?” ಇನ್ಸ್‌ಪೆಕ್ಟರ್ ಕೇಳಿದರು.

“ಅಣ್ಣ.”

ಅಣ್ಣ ತಲೆ ಎತ್ತಲಿಲ್ಲ.

ಮಧ್ಯಾಹ್ನ ಎರಡಕ್ಕೆ ಠಾಣೆಯ ಅಂಗಳದಲ್ಲಿ, ಇಬ್ಬರು ಪಂಚರೆದುರು ಪಂಚನಾಮೆ ಶುರುವಾಯಿತು. ಅಪಘಾತದ ಮರುದಿನ ತಪಾಸಣೆಗೆ ಬಂದಿದ್ದ ಸಾರಿಗೆ ಅಧಿಕಾರಿ ಬ್ರೇಕಷ್ಟೇ ನೋಡಿ ಕೈ ತೊಳೆದುಕೊಂಡಿದ್ದ. ವ್ಯಾನಿನ ಏರ್ ಫಿಲ್ಟರ್ ತುಂಬ ಮಣ್ಣು, ಎಂಜಿನ್ ಆಯಿಲ್ ಟಾರಿನಷ್ಟು ಮಂದ. ಇಂಥದ್ದರಲ್ಲಿ ಹತ್ತು ಜೀವ ತುಂಬಿ ಕಳಿಸಿದವರನ್ನು ನೆನೆದರೆ ಮೈ ಉರಿಯುತ್ತದೆ. ಆದರೂ, ಹಿಂದೆ ಗ್ಯಾರೇಜಿನಲ್ಲಿ ದುಡಿದಿದ್ದ ಜೀಪ್ ಚಾಲಕ ಕಾನ್‌ಸ್ಟೆಬಲ್ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಎಂಜಿನ್ ತಿರುಗಿತು; ಹಿಂದಿನ ಚಕ್ರ ಮಾತ್ರ ಅಲುಗಲಿಲ್ಲ.

“ಎಂಜಿನ್ ಅಲ್ಲ ಸಾರ್. ಗೇರ್ ಬಾಕ್ಸ್ ಓಡ್ತಾ ಓಡ್ತಾನೇ ಕಚ್ಕೊಂಡಿದೆ. ಚಕ್ರ ಗಕ್ಕಂತ ನಿಂತಿದೆ.”

ಅವನು ಗೇರ್ ಬಾಕ್ಸಿನ ಪಕ್ಕದಲ್ಲಿ ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿದ. ಬೆರಳಿಗೆ ಆಯಿಲ್ ಹತ್ತಲೇ ಇಲ್ಲ.

“ಆಯಿಲ್ ಸೋರಿಹೋಗಿದೆಯಾ?”

“ಸೋರಿದ್ರೆ ಅಡಿಯೆಲ್ಲ ಒದ್ದೆಯಾಗಿ ಧೂಳು ಮೆತ್ಕೊಂಡಿರ್ಬೇಕಿತ್ತು. ಇದು ಯಾರೋ ಇಳಿಸಿದ್ದು.”

ಕೆಳಗೆ, ಆಯಿಲ್ ಇಳಿಸುವ ಬೋಲ್ಟಿನ ಸುತ್ತ ಮಾತ್ರ ಬಟ್ಟೆಯಿಂದ ಒರೆಸಿದ ಗುರುತಿತ್ತು. ಬಿಚ್ಚಿದರೆ ಹನಿಯೂ ಬೀಳಲಿಲ್ಲ. ಅಂಗೈಗೆ ಬಂದದ್ದು, ಆಯಿಲ್ ಸೋರದಂತೆ ಬೋಲ್ಟಿನಡಿ ಹಾಕುವ ಹೊಚ್ಚ ಹೊಸ ತಾಮ್ರದ ವಾಷರ್.

“ಗಾಡಿ ಕೆಡಿಸೋಕೆ ಬಂದೋನು ಹೊಸ ವಾಷರ್ ಯಾಕೆ ಹಾಕ್ತಾನೆ?”

“ಕಲಿತ ಕೈ ಸಾರ್. ಬಿಚ್ಚಿದ ಬೋಲ್ಟಿಗೆ ಹಳೇ ವಾಷರ್ ಹಾಕೋಕೆ ಮನಸ್ಸೇ ಒಪ್ಪಲ್ಲ.”

ಸಂಜೆ ಐದಕ್ಕೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ, ಮೆಕ್ಯಾನಿಕ್‌ನ ಬೀಗ ಹಾಕಿದ ಡ್ರಾಯರಿನಲ್ಲಿ ಅದೇ ಅಳತೆಯ ವಾಷರ್‌ಗಳ ಒಡೆದ ಪೊಟ್ಟಣ ಸಿಕ್ಕಿತು.

“ಬೀಗದ ಕೈ ಯಾರ ಹತ್ರ ಇರುತ್ತೆ?”

“ನನ್ನ ಹತ್ರ ಮಾತ್ರ.”

“ಆಯಿಲ್ ಯಾವಾಗ ಇಳಿಸಿದೆ?”

ಅವನು ಸುಳ್ಳು ಹೇಳಲು ಹೋಗಲಿಲ್ಲ. “ಎಂಟನೇ ತಾರೀಕು, ಬೆಳಿಗ್ಗೆ ಆರೂವರೆಗೆ. ಆಯಿಲ್ ಇಲ್ದೆ ಗಾಡಿ ಗೇಟಿನ ಹತ್ರಾನೇ ಕಿರುಚ್ಕೊಳ್ಳುತ್ತೆ, ಭಾವ ವಾಪಸ್ ತರ್ತಾರೆ, ಗೇರ್ ಬಾಕ್ಸ್ ಹೋಯ್ತು ಅಂತ ಗುಜರಿಗೆ ಹಾಕ್ತಾರೆ ಅನ್ಕೊಂಡೆ. ಆದ್ರೆ ಆ ಗಾಡಿ ದಿನಾ ಕಿರುಚ್ತಿತ್ತು ಸಾರ್. ಭಾವಂಗೆ ಹೊಸ ಸದ್ದು ಗೊತ್ತಾಗ್ಲೇ ಇಲ್ಲ.”

“ಮತ್ತೆ ದೂರು ಯಾಕೆ ಬರ್ಕೊಟ್ಟೆ?”

“ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ. ನೀವು ಬಿಚ್ಚಿದ್ರೆ ತಾನಾಗೇ ಗೊತ್ತಾಗುತ್ತೆ ಅಂತ...”

6.15ಕ್ಕೆ ದಸ್ತಗಿರಿಯಾಯಿತು. ಪೊಟ್ಟಣದ ಕೆಳಗೆ ಅವನು ಮ್ಯಾನೇಜರಿಗೆ ಬರೆದಿದ್ದ ಏಳು ಪತ್ರಗಳ ಪ್ರತಿಗಳಿದ್ದವು. ಏಳರಲ್ಲೂ ಒಂದೇ ಮಾತು: ಈ ವಾಹನ ಓಡಿಸಲು ಯೋಗ್ಯವಲ್ಲ. ಏಳಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿದ್ದಿತ್ತು, ಒಂದಕ್ಕೂ ಉತ್ತರ ಬಂದಿರಲಿಲ್ಲ. ಇನ್ಸ್‌ಪೆಕ್ಟರ್ ಆ ಪತ್ರಗಳನ್ನು ಕಡತಕ್ಕೆ ಸೇರಿಸಿ, ಮ್ಯಾನೇಜರಿಗೆ ಮರುದಿನ ಒಂಬತ್ತಕ್ಕೆ ಹಾಜರಾಗಲು ನೋಟಿಸು ಕೊಟ್ಟರು.

ಠಾಣೆಯ ಮೆಟ್ಟಿಲ ಮೇಲೆ ತಂಗಿ ಬೆಳಗಿನಿಂದ ಕಾದು ಕೂತಿದ್ದಳು.

“ನಮ್ಮೋರ ತಪ್ಪಿಲ್ಲ ಅಲ್ವಾ ಸಾರ್?”

“ಇಲ್ಲಮ್ಮ. ಕಾವಲು ತೆಗೀತೀವಿ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಜೀಪಿನ ಹಿಂಬದಿಯಲ್ಲಿ ಅಣ್ಣ ಕೂತಿರುವುದು ಕಂಡಿತು. ಸುದ್ದಿ ಹೇಳಲು ಅವಳು ಅತ್ತ ಓಡಿದಳು.